ಒಂದು ಗೇಣು ಕಮ್ಮಿ ಬಿದ್ದ ಚೈನು

ನಮ್ಮ ಮನೆಯಿಂದ ಟಾರು ರಸ್ತೆಗೆ ಮೂರು ಕಿಲೋಮೀಟರ್. ಕೊಟ್ಟಿಗೆಹಾರದ ಸುತ್ತಿನ ಕಾಫಿ ತೋಟಗಳಲ್ಲಿ ಒಂದು ಮಳೆಗಾಲ ಕಳೆದವರಿಗೆ ಈ ಮೂರು ಕಿಲೋಮೀಟರ್ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಒಂದು ಕಿಲೋಮೀಟರ್ ಇಳಿಜಾರು. ಅದರಲ್ಲಿ ಗಾಲಿ ಓಡುವ ಎರಡು ಸಾಲಿಗಷ್ಟೇ ಅಪ್ಪ ಕಾಂಕ್ರೀಟ್ ಹಾಕಿಸಿದ್ದರು. ಜುಲೈ ಬಂತೆಂದರೆ ಅದರ ಮೇಲೆ ಹಸಿರು ಹಾವಸೆ. ಆಮೇಲೆ ಹಳ್ಳಕ್ಕೆ ಇಳಿಯುವ ಒಂದು ತಿರುವು, ಬರೀ ಜೇಡಿಮಣ್ಣು. ಹಳ್ಳಕ್ಕೊಂದು ಮೋರಿ. ಮೋರಿ ದಾಟಿದರೆ ಏರು, ಕಲ್ಲು ಕೆದರಿದ ದಾರಿ, ಅದು ಹೋಗಿ ಟಾರಿಗೆ ಮುಟ್ಟುತ್ತದೆ.

ಅಪ್ಪ ಈ ದಾರಿಯಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು. ಆ ಜೀಪಿನ ಟೈರು 6.00-16. ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು, ಅಷ್ಟೆ. ಪಕ್ಕದಲ್ಲಿ ನಿಂತು ನೋಡಿದರೆ ಸೈಕಲ್ಲಿನ ಅಣ್ಣನ ಹಾಗೆ ಕಾಣುತ್ತಿತ್ತು. ಜೂನ್ ಮೊದಲ ವಾರ ಗೋಡೌನಿನ ಮೊಳೆಯಿಂದ ಚೈನು ಇಳಿಸಿ, ಗ್ರೀಸ್ ಸವರಿ, ಹಿಂದಿನ ಎರಡು ಗಾಲಿಗೆ ಬಿಗಿಯುವುದು ನಮ್ಮ ಮನೆಯಲ್ಲಿ ಮಳೆಗಾಲ ಶುರುವಾಯಿತು ಅನ್ನುವುದಕ್ಕೆ ಗುರುತು. ಶಾಲೆಗೆ ಹೋಗುವಾಗ ಆ ಚೈನಿನ ಸದ್ದು ಕೇಳಿಸಿಕೊಂಡೇ ನಾವು ಮಕ್ಕಳು ಬೆಳೆದೆವು. ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ಮೊಳೆ.

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ದುಡಿದು ತೋಟಕ್ಕೆ ವಾಪಸ್ ಬಂದಾಗ ಜೀಪು ಮುದಿಯಾಗಿತ್ತು. 2017ರಲ್ಲಿ ಇಸುಜು ವಿ-ಕ್ರಾಸ್ ಪಿಕಪ್ ತಂದೆ. ಮುಂದೆ ಐದು ಜನ ಕೂರಬಹುದು, ಹಿಂದೆ ಗೊಬ್ಬರ ತುಂಬಬಹುದು, ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಗಾಡಿಯ ಬಗ್ಗೆ ನನಗೆ ಆಗಲೂ ದೂರಿರಲಿಲ್ಲ, ಈಗಲೂ ಇಲ್ಲ. ದೂರು ಇರುವುದು ಅದಕ್ಕೆ ನಾನು ಮಾಡಿಸಿದ ಅಲಂಕಾರದ ಮೇಲೆ.

2019ರ ಜನವರಿ. ಕಾಫಿ ಕುಯ್ಲು ನಡೆಯುತ್ತಿತ್ತು, ಕೈಯಲ್ಲಿ ಒಂದಿಷ್ಟು ದುಡ್ಡಿತ್ತು. ಸ್ನೇಹಿತರ ಗುಂಪಿನಲ್ಲಿ ಎಲ್ಲರೂ ಗಾಡಿ ಎತ್ತಿಸುತ್ತಿದ್ದರು. ಮುಂದೆ ಸ್ಪ್ರಿಂಗಿನ ಮೇಲೆ ಸ್ಪೇಸರ್, ಹಿಂದೆ ಪಟ್ಟೆಗೆ ಉದ್ದನೆಯ ಶಾಕಲ್ ಕೊಡಿಸಿ ನಾನೂ ಎರಡು ಇಂಚು ಎತ್ತಿಸಿದೆ. ಎತ್ತಿಸಿದ ಗಾಡಿಗೆ ಕಂಪನಿಯ ಟೈರು ಇದ್ದರೆ ಪಂಚೆ ಮೊಣಕಾಲಿಗೆ ಕಟ್ಟಿ ಬೂಟು ಹಾಕದೆ ನಿಂತ ಹಾಗೆ. ಆದ್ದರಿಂದ ಟೈರು ಹುಡುಕಲು ಹೊರಟೆ.

ಕಂಪನಿಯಿಂದ ಬಂದ ಅಳತೆ 245/70 ಆರ್ 16. ಈ ಅಂಕಿಗಳನ್ನು ಓದುವುದು ಕಷ್ಟವೇನಲ್ಲ. 245 ಮಿಲಿಮೀಟರ್ ಅಗಲ, ಆ ಅಗಲದ ನೂರಕ್ಕೆ ಎಪ್ಪತ್ತು ಭಾಗ ಪಕ್ಕೆಯ ಎತ್ತರ, 16 ಇಂಚಿನ ರಿಮ್ಮು. ಲೆಕ್ಕ ಹಾಕಿದರೆ ಇಡೀ ಟೈರಿನ ಎತ್ತರ 749 ಮಿಲಿಮೀಟರ್ ಆಗುತ್ತದೆ. ನಾನು ಕಣ್ಣು ಹಾಕಿದ್ದು 265/75 ಆರ್ 16ಕ್ಕೆ, ಅಂದರೆ 804 ಮಿಲಿಮೀಟರ್. ಅದರಲ್ಲೂ ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಅಲ್ಲ, ದಪ್ಪ ದಪ್ಪ ಗುಬುಟು ಇರುವ ಮಡ್ ಟೆರೇನ್. ‘ನಮ್ಮದು ಕೆಸರು ತಾನೆ, ಮಡ್ ಅಂತಲೇ ಬರೆದಿದೆಯಲ್ಲ’ ಅನ್ನುವುದು ನನ್ನ ತರ್ಕ. ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಜೋಡಿಸಿಟ್ಟಿದ್ದರು, ಪಾಲಿಶ್ ಹೊಡೆದು ಕರ್ರಗೆ ಮಿಂಚುತ್ತಿದ್ದವು. ಬೇರೆ ಕಡೆ ಒಂದಕ್ಕೆ ಹದಿನೆಂಟು ಸಾವಿರ ಹೇಳಿದ ಮಾಲು ಇಲ್ಲಿ ಹದಿಮೂರಕ್ಕೆ. ಯಾಕೆ ಅಗ್ಗ ಅಂತ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದನೋ ಇಲ್ಲವೋ, ನಾನಂತೂ ಕೇಳಲಿಲ್ಲ.

ಗಾಡಿ ಅಂಗಳಕ್ಕೆ ಬಂದಾಗ ಅಪ್ಪ ಜಗಲಿಯಲ್ಲಿ ಅಡಿಕೆ ಹೋಳು ಮಾಡುತ್ತಾ ಕೂತಿದ್ದರು. ಎದ್ದು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

‘ಏನೋ ಇದು, ಟ್ರ್ಯಾಕ್ಟರ್ ಟೈರು ಕಾರಿಗೆ ಹಾಕ್ಸಿದೀಯ?’

‘ಕೆಸರಿಗೆ ಒಳ್ಳೇದಪ್ಪ.’

‘ನಮ್ಮ ಕೆಸರಿಗೆ ಅಗಲ ಆಗಲ್ಲ ಮಾರಾಯ. ಸಪೂರ ಬೇಕು. ಕೊಯ್ಕೊಂಡು ಕೆಳಗೆ ಹೋಗಿ ಗಟ್ಟಿ ನೆಲ ಹಿಡೀಬೇಕು. ಇದು ಮೇಲೇ ತೇಲ್ತದೆ.’

ನಾನು ನಕ್ಕೆ. ಎಪ್ಪತ್ತಾರು ವರ್ಷದ ಅಪ್ಪನಿಗೆ ರೇಡಿಯಲ್ ಟೈರಿನ ಬಗ್ಗೆ ಏನು ಗೊತ್ತು ಅನ್ನುವ ನಗು. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಬೇಸಿಗೆಯಲ್ಲಿ ಟೈರುಗಳು ಮೆರೆದವು. ದೇವರಮನೆ ಗುಡ್ಡಕ್ಕೆ ಹೋದೆವು, ಫೋಟೋ ತೆಗೆಸಿಕೊಂಡೆವು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಾಗ ಆದ ಅಷ್ಟಿಷ್ಟು ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಣ್ಣನ್ನು ಆಳೆತ್ತರ ಎರಚಿಕೊಂಡು ಹತ್ತಿತು. ಒಂದೇ ತೊಂದರೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತಿತ್ತು. ಚಾಕು ತಗೊಂಡು ಪ್ಲಾಸ್ಟಿಕ್ ಕೊಯ್ದೆ. ಜೂನ್ ಮೊದಲ ಮಳೆಗೆ ಬಣಕಲ್ ಹತ್ತಿರ ನಲವತ್ತರ ವೇಗದಲ್ಲಿ ಬ್ರೇಕ್ ಹಿಡಿದಾಗ ಗಾಡಿ ನಿಲ್ಲದೆ ಒಂದು ಮಾರು ಜಾರಿತು. ಹೊಸ ಟೈರು, ಪಳಗಬೇಕು ಅಂದುಕೊಂಡೆ. ಐದು ತಿಂಗಳಾದ ಟೈರನ್ನು ಹೊಸದು ಅಂದುಕೊಳ್ಳುವವನಿಗೆ ಯಾರು ಬುದ್ಧಿ ಹೇಳಬೇಕು?

ಆ ವರ್ಷದ ಆಗಸ್ಟ್ ಎರಡನೇ ವಾರ ಮೂಡಿಗೆರೆ ತಾಲ್ಲೂಕಿಗೆ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ಗುಡ್ಡಗಳು ಕುಸಿದು ಮನೆ, ತೋಟ, ಗದ್ದೆ ಕೊಚ್ಚಿಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ನಮ್ಮಲ್ಲಿ ಐದು ದಿನದಿಂದ ಕರೆಂಟಿಲ್ಲ, ಮೊಬೈಲಿಗೆ ಟವರಿಲ್ಲ. ನಮ್ಮ ಮನೆಯ ಮಳೆಮಾಪಕದಲ್ಲಿ ಆ ವಾರ ಒಂದು ದಿನ ಬೆಳಿಗ್ಗೆ 11 ಇಂಚು 40 ಸೆಂಟ್ ಅಂತ ಅಪ್ಪನೇ ನೋಡಿ ಪುಸ್ತಕದಲ್ಲಿ ಬರೆದಿದ್ದರು. ಅದೇ ಅವರು ಆ ವರ್ಷ ಬರೆದ ಕೊನೆಯ ಮಳೆ ಲೆಕ್ಕ.

ಅದೇ ದಿನ ಸಂಜೆ ಆರೂವರೆಗೆ ಬಚ್ಚಲೊಲೆಗೆ ಸೌದೆ ತರುತ್ತೇನೆಂದು ಹೋದವರು ಅಂಗಳದ ಹಾವಸೆಯ ಮೇಲೆ ಜಾರಿ ಬಿದ್ದರು. ಮಳೆಯ ಸದ್ದಿನಲ್ಲಿ ಅವರು ಕೂಗಿದ್ದು ಒಳಗೆ ಕೇಳಲಿಲ್ಲ. ನಾಯಿ ಬೊಗಳಿದ್ದು ಕೇಳಿತು. ಟಾರ್ಚ್ ಹಿಡಿದು ಹೋಗಿ ನೋಡಿದರೆ ಅಂಗಾತ ಬಿದ್ದಿದ್ದರು. ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣುತ್ತಿತ್ತು, ಪಾದ ಹೊರಮುಖವಾಗಿ ತಿರುಗಿಕೊಂಡಿತ್ತು. ಮುಟ್ಟಿದರೆ ಸಾಕು ಚೀರುತ್ತಿದ್ದರು. ಅಪ್ಪ ಚೀರಿದ್ದನ್ನು ನಾನು ಅದಕ್ಕೂ ಮೊದಲು ಕೇಳಿದ್ದಿಲ್ಲ.

108ಕ್ಕೆ ಫೋನ್ ಮಾಡೋಣ ಅಂದರೆ ಟವರಿಲ್ಲ. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದರೆ ಘಟ್ಟ ಇಳಿದು ಮಂಗಳೂರಿಗೆ ಹೋಗುವುದು. ಘಟ್ಟ ಮುಚ್ಚಿದೆ. ಉಳಿದದ್ದು ಮೂಡಿಗೆರೆ, ಅಲ್ಲಿಂದ ಚಿಕ್ಕಮಗಳೂರು. ಹೆಂಡತಿ ಎರಡು ಕಾಲಿನ ನಡುವೆ ದಿಂಬು ಇಟ್ಟು, ಸೀರೆ ಹರಿದು ಕಾಲುಗಳನ್ನು ಒಟ್ಟಿಗೆ ಕಟ್ಟಿದಳು. ಹಳೇ ಬಾಗಿಲ ಹಲಗೆಯ ಮೇಲೆ ಮಲಗಿಸಿ, ಹಿಂದಿನ ಸೀಟಿಗೆ ಅಡ್ಡಡ್ಡ ಜಾರಿಸುವಷ್ಟರಲ್ಲಿ ಏಳೂಕಾಲು. ಎರಡು ಇಂಚು ಎತ್ತಿಸಿದ ಗಾಡಿಗೆ, ಅದರ ಮೇಲೆ ದೊಡ್ಡ ಟೈರಿನ ಗಾಡಿಗೆ, ಮೂಳೆ ಮುರಿದ ಮನುಷ್ಯನನ್ನು ಹತ್ತಿಸುವುದು ಎಂಥ ಹಿಂಸೆ ಅಂತ ಆವತ್ತು ತಿಳಿಯಿತು. ಎದೆಮಟ್ಟಕ್ಕೆ ಎತ್ತಬೇಕಾಯಿತು. ಅಮ್ಮ ಛತ್ರಿ ಹಿಡಿದು ನಿಂತವರು ಛತ್ರಿ ಬಿಟ್ಟು ಹಲಗೆಗೆ ಕೈ ಕೊಟ್ಟರು.

ಗೇರ್ ಗುಂಡಿಯನ್ನು ಫೋರ್ ಲೋಗೆ ತಿರುಗಿಸಿ ಹೊರಟೆ. ಕಾಂಕ್ರೀಟ್ ಸಾಲಿನ ಮೇಲೆಯೇ ಟೈರು ಎರಡು ಸಲ ನುಣುಚಿತು. ಟೈರಿನ ಅಗಲ ಕಾಂಕ್ರೀಟಿನ ಅಂಚು ದಾಟಿ ಹೊರಗೆ ಚಾಚಿಕೊಂಡಿತ್ತು, ಅಪ್ಪ ಹಾಕಿಸಿದ್ದು ಜೀಪಿನ ಅಳತೆಗೆ. ಹಳ್ಳದ ತಿರುವಿಗೆ ಬಂದು ಜೇಡಿಗೆ ಇಳಿದ ಮೇಲೆ ಗಾಡಿ ನನ್ನ ಮಾತು ಕೇಳುವುದು ಬಿಟ್ಟಿತು. ಬ್ರೇಕ್ ಮುಟ್ಟಲಿಲ್ಲ, ಎಂಜಿನ್ನಿನ ಹಿಡಿತದಲ್ಲೇ ಇಳಿಸುತ್ತಿದ್ದೆ. ಆದರೂ ನಾಲ್ಕೂ ಗಾಲಿ ಸೋಪಿನ ಮೇಲೆ ನಿಂತ ಹಾಗೆ, ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ನೇರ ಹಳ್ಳದ ಕಡೆ. ಹಿಂಭಾಗ ಖಾಲಿ, ಹಗುರ. ಅದು ಮುಂಭಾಗವನ್ನು ದಾಟಿ ಮುಂದೆ ಹೋಗಲು ನೋಡಿತು. ಅಡ್ಡ ತಿರುಗಿ, ನಾಲ್ಕು ಕಾಫಿ ಗಿಡ ಮುರಿದು, ಒಂದು ಸಿಲ್ವರ್ ಓಕ್ ಮರಕ್ಕೆ ಹಿಂದಿನ ಬಾಗಿಲು ಒರಗಿ ನಿಂತಿತು. ಮರ ಇಲ್ಲದಿದ್ದರೆ ಕೆಳಗೆ ಹತ್ತು ಅಡಿಗೆ ಹಳ್ಳ, ಅದು ಆವತ್ತು ಹೊಳೆಯಾಗಿತ್ತು.

ಹಿಂದಿನ ಸೀಟಿನಲ್ಲಿ ಅಪ್ಪ ಚೀರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಹೆಂಡತಿ ‘ಮಾವಾ, ಮಾವಾ’ ಅಂತ ಅಲುಗಾಡಿಸಿದ ಮೇಲೆ ‘ಹೂಂ’ ಅಂದರು.

ಇಳಿದು ಟೈರಿಗೆ ಟಾರ್ಚ್ ಬಿಟ್ಟೆ. ಆ ದೊಡ್ಡ ದೊಡ್ಡ ಗುಬುಟುಗಳು ಎಲ್ಲಿ? ಇರಲೇ ಇಲ್ಲ. ಗುಬುಟಿನ ನಡುವಿನ ಸಂದೆಲ್ಲ ಜೇಡಿ ಮೆತ್ತಿ ಟೈರು ಕಡುಬಿನ ಹಾಗೆ ನುಣ್ಣಗೆ, ದುಂಡಗೆ ಇತ್ತು. ಹೂಮಳೆಯ ಕೆಸರಿನಲ್ಲಿ ಮೆರೆದ ಟೈರು ಇದೇ. ಆಗ ನಾನು ಆಕ್ಸಿಲರೇಟರ್ ಒತ್ತಿದ್ದೆ, ಗಾಲಿ ರಭಸವಾಗಿ ತಿರುಗಿ ಮಣ್ಣನ್ನು ತಾನೇ ಕೊಡವಿಕೊಂಡಿತ್ತು. ಮುರಿದ ಮೂಳೆಯ ಮುದುಕರನ್ನು ಹಿಂದೆ ಮಲಗಿಸಿಕೊಂಡು ನಡಿಗೆಯ ವೇಗದಲ್ಲಿ ಇಳಿಜಾರು ಇಳಿಯುವವನ ಟೈರು ಯಾವ ರಭಸದಲ್ಲಿ ಕೊಡವಿಕೊಳ್ಳಬೇಕು?

ತೋಟದ ಆಳುಗಳ ಲೈನ್ ಮನೆಗಳು ಅಲ್ಲಿಂದ ಕೂಗಿಗೆ ಹತ್ತಿರ. ಹಾರ್ನ್ ಬಡಿದೆ. ನಮ್ಮ ಹಳೇ ಡ್ರೈವರು, ಅಪ್ಪನ ಜೀಪನ್ನು ಇಪ್ಪತ್ತೆರಡು ವರ್ಷ ಓಡಿಸಿದವರು, ಗೊರಬು ಹೊದ್ದು, ಹಿಂದೆ ಮೂವರು ಹುಡುಗರನ್ನು ಕರೆದುಕೊಂಡು ಬಂದರು. ಗಾಡಿಯ ಸುತ್ತ ನೋಡಿ ಒಂದೇ ಮಾತು ಕೇಳಿದರು.

‘ಚೈನು ಎಲ್ಲಿ ಗೌಡ್ರೇ?’

ಹುಡುಗನೊಬ್ಬ ಓಡಿಹೋಗಿ ಗೋಡೌನಿನಿಂದ ಜೀಪಿನ ಚೈನು ತಂದ. ಹೆಗಲ ಮೇಲೆ ಹಾಕಿಕೊಂಡು ಆ ಏರಿಳಿತದಲ್ಲಿ ಬಂದಿದ್ದಕ್ಕೆ ಅವನ ಕತ್ತಿನ ಚರ್ಮ ಸುಲಿದಿತ್ತು. ಡ್ರೈವರು ಕೆಸರಿನಲ್ಲಿ ಮೊಣಕಾಲೂರಿ ಹಿಂದಿನ ಗಾಲಿಗೆ ಚೈನು ಹೊದೆಸಿ, ಎರಡು ತುದಿಯನ್ನು ಎಳೆದು ತಂದರು. ತುದಿಗಳು ಕೂಡಲಿಲ್ಲ. ಇಬ್ಬರು ಹುಡುಗರು ಸೇರಿ ಎಳೆದರು. ಕೊಂಡಿಗೂ ಕೊಂಡಿಗೂ ನಡುವೆ ಒಂದು ಗೇಣು. ಡ್ರೈವರು ತಮ್ಮ ಬೆರಳು ಅಗಲಿಸಿ ಆ ಸಂದಿಯಲ್ಲಿ ಇಟ್ಟು ನನಗೆ ತೋರಿಸಿದರು. ಏನೂ ಅನ್ನಲಿಲ್ಲ. ತಂತಿ ಕಟ್ಟಿ ಸೇರಿಸೋಣ ಅಂದೆ. ಅವರು ಟೈರಿಗೂ ಒಳಗಿನ ಪಟ್ಟೆಗೂ ನಡುವೆ ಕೈ ಹಾಕಿ ನೋಡಿದರು. ಬೆರಳು ಹೋಗುವಷ್ಟೂ ಜಾಗವಿಲ್ಲ, ಚೈನು ತುಂಡಾಗಿ ಸುತ್ತಿಕೊಂಡರೆ ಬ್ರೇಕಿನ ಪೈಪು ಕಿತ್ತುಬರುತ್ತದೆ ಅಂದರು.

ಮೂವತ್ತು ವರ್ಷ ನಮ್ಮ ಮನೆಯನ್ನು ದಡ ಮುಟ್ಟಿಸಿದ ಚೈನು ಕೆಸರಿನಲ್ಲಿ ಬಿದ್ದಿತ್ತು. ಅದನ್ನು ನಿರುಪಯೋಗಿ ಮಾಡಲು ನಾನು ಐವತ್ತೆರಡು ಸಾವಿರ ಖರ್ಚು ಮಾಡಿದ್ದೆ.

ಆಮೇಲಿನದನ್ನೆಲ್ಲ ಡ್ರೈವರೇ ಮಾಡಿಸಿದರು, ಅವರು ಹೇಳಿದ್ದನ್ನು ನಾನು ಕೇಳಿದೆ. ನಾಲ್ಕೂ ಟೈರಿನ ವಾಲ್ವಿಗೆ ಕೀಲಿಕೈ ಒತ್ತಿ, ಪಕ್ಕೆ ಉಬ್ಬುವವರೆಗೆ ಗಾಳಿ ಇಳಿಸಿದೆವು. ಅಳೆಯುವ ಮೀಟರಿಲ್ಲ, ಕಣ್ಣಳತೆ. ಗಾಳಿ ಇಳಿದರೆ ಟೈರು ನೆಲಕ್ಕೆ ಅಗಲವಾಗಿ ಅಲ್ಲ, ಉದ್ದುದ್ದಕ್ಕೆ ಹೆಚ್ಚು ತಾಗುತ್ತದೆ, ಹಿಡಿತ ಬರುತ್ತದೆ. ಗೋಡೌನಿನಿಂದ ಐವತ್ತು ಕಿಲೋದ ಆರು ಗೊಬ್ಬರದ ಚೀಲ ತಂದು ಹಿಂದೆ ಹೇರಿದೆವು. ಮೂರು ಜನ ಹುಡುಗರು ಆ ಇಳಿಜಾರಿನಲ್ಲಿ, ಆ ಮಳೆಯಲ್ಲಿ, ಮುನ್ನೂರು ಕಿಲೋ ಹೊತ್ತರು. ಕಡ್ಡಿಯಿಂದ ಗುಬುಟಿನ ನಡುವಿನ ಜೇಡಿ ಬಗೆದು ತೆಗೆದೆವು. ಗಾಲಿಯ ಮುಂದೆ ಸಿಲ್ವರ್ ಓಕಿನ ರೆಂಬೆ, ಹರಿದ ಗೋಣಿ. ಹಿಂದಿನ ಕೊಕ್ಕೆಗೆ ಹಗ್ಗ ಕಟ್ಟಿ, ಮರಕ್ಕೆ ಎರಡು ಸುತ್ತು ಹಾಕಿ, ಅವರು ಇಷ್ಟಿಷ್ಟೇ ಬಿಟ್ಟರು, ನಾನು ಇಷ್ಟಿಷ್ಟೇ ಇಳಿದೆ. ಅರವತ್ತು ಅಡಿಯ ತಿರುವಿಗೆ ಎರಡು ಗಂಟೆ. ಮೋರಿಯ ಮೇಲೆ ನೀರು ಹರಿಯುತ್ತಿತ್ತು, ದಾಟಿದೆವು. ಡ್ರೈವರು ಬಂದು ನನ್ನ ಪಕ್ಕ ಕೂತರು.

ಟಾರು ಸಿಕ್ಕಿದಾಗ ರಾತ್ರಿ ಹತ್ತೂವರೆ. ಇನ್ನೇನು ಕಷ್ಟ ಮುಗಿಯಿತು ಅಂದುಕೊಂಡೆ. ಆದರೆ ಮಡ್ ಟೆರೇನ್ ಟೈರಿನ ನಿಜವಾದ ಬಣ್ಣ ತಿಳಿದದ್ದು ಟಾರಿನ ಮೇಲೆ. ಒದ್ದೆ ಟಾರಿಗೆ ರಬ್ಬರು ಹೆಚ್ಚು ತಾಗಬೇಕು, ಅದರ ಮೇಲೆ ಕೂದಲೆಳೆಯಂಥ ಸೀಳುಗಳು ತುಂಬಾ ಇರಬೇಕು. ಆ ಸೀಳುಗಳ ಅಂಚೇ ನೀರಿನ ಪೊರೆಯನ್ನು ಒರೆಸಿ ರಸ್ತೆಯನ್ನು ಕಚ್ಚುವುದು. ನನ್ನ ಟೈರಿನಲ್ಲಿ ಗುಬುಟು ಕಮ್ಮಿ, ಸಂದು ಜಾಸ್ತಿ, ಸೀಳು ಇಲ್ಲವೇ ಇಲ್ಲ ಅನ್ನಬೇಕು. ಗಂಟೆಗೆ ಇಪ್ಪತ್ತೈದರಲ್ಲಿ ಹೋಗುತ್ತಿದ್ದೆ. ಒಂದು ತಿರುವು ಮುಗಿದ ಕೂಡಲೇ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಬ್ರೇಕ್ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ಗಡಗಡ ನಡುಗಿತು, ಗಾಡಿ ಮಾತ್ರ ಸಾವಕಾಶ, ಏನೂ ಆತುರವಿಲ್ಲದ ಹಾಗೆ, ಮರದ ಕಡೆಗೆ ಜಾರುತ್ತಾ ಹೋಯಿತು. ಕೊನೆಯ ನಾಲ್ಕು ಅಡಿ ನಾನು ಏನೂ ಮಾಡಲಿಲ್ಲ, ಮಾಡುವುದಕ್ಕೇನೂ ಇರಲಿಲ್ಲ. ಮುಂದಿನ ಬಂಪರು ರೆಂಬೆಗಳ ಒಳಗೆ ಹೊಕ್ಕು ನಿಂತಿತು. ಆ ಧಕ್ಕೆಗೆ ಅಪ್ಪ ಈ ಸಲ ಚೀರಿದರು.

ಮರ ಕಡಿಯುವವರು ಬರುವವರೆಗೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅಪ್ಪ ಮಾತಾಡಿದ್ದು ಎರಡೇ ಸಲ. ಒಂದು ಸಲ ನೀರು ಕೇಳಿದರು. ಇನ್ನೊಂದು ಸಲ, ಕತ್ತಲಲ್ಲಿ, ನಿಧಾನವಾಗಿ: ‘ನಿನ್ನ ಗಾಡಿ ನೋಡೋಕೆ ಚೆನ್ನಾಗದೆ.’

ಕುಹಕವೋ, ನನ್ನನ್ನು ಸಮಾಧಾನ ಮಾಡಲು ಅಂದದ್ದೋ, ಇವತ್ತಿಗೂ ಕೇಳಿಲ್ಲ. ಪಕ್ಕದಲ್ಲಿ ಡ್ರೈವರು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು.

ಮೂಡಿಗೆರೆಯಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ಟು, ಕಾಲಿಗೆ ಪಟ್ಟಿ ಕಟ್ಟಿ, ಮುಂದೆ ಕರೆದುಕೊಂಡು ಹೋಗಿ ಅಂದರು. ಅಲ್ಲಿ ಆಂಬುಲೆನ್ಸ್ ಸಿಕ್ಕಿತು. ಚಿಕ್ಕಮಗಳೂರು ಮುಟ್ಟಿದಾಗ ಬೆಳಗಿನ ಜಾವ ಮೂರು ಗಂಟೆ. ಬರೀ ಐವತ್ತು ಕಿಲೋಮೀಟರ್ ದಾರಿಗೆ ಎಂಟು ಗಂಟೆ ಹತ್ತಿರ. ತೊಡೆಯ ಮೂಳೆ ಸೊಂಟದ ಕೀಲಿಗೆ ಸೇರುವ ಕತ್ತಿನಲ್ಲೇ ಮುರಿದಿತ್ತು. ನಾಲ್ಕನೇ ದಿನ ಆಪರೇಶನ್ ಮಾಡಿ ಅರ್ಧ ಕೀಲು ಬದಲಿಸಿದರು.

ಆಸ್ಪತ್ರೆಯಲ್ಲಿ ಹದಿಮೂರು ದಿನ ಕೂತವನಿಗೆ ಯೋಚನೆ ಮಾಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಒಂದು ದಿನ ಮಧ್ಯಾಹ್ನ ಗಾಡಿ ನಿಲ್ಲಿಸಿದ ಕಡೆ ಹೋಗಿ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆ. ವಾರದ ಮಳೆಗೆ ಅಂಗಡಿಯ ಪಾಲಿಶ್ ಪೂರಾ ತೊಳೆದುಹೋಗಿತ್ತು. ಗುಬುಟುಗಳ ಬುಡದಲ್ಲಿ ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು. ಹೆಬ್ಬೆರಳ ಉಗುರು ಒತ್ತಿದೆ, ಗುರುತೇ ಮೂಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಯಾರದೋ ಹೊಸ ಕಾರಿನ ಟೈರಿಗೆ ಒತ್ತಿದೆ, ಉಗುರು ಒಳಗೆ ಇಳಿದು ಮೇಲೆ ಬಂತು. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿದೆ, ಅದರ ಕೊನೆಯಲ್ಲಿ ಒಂದು ಉದ್ದನೆಯ ಗೂಡಿನೊಳಗೆ ನಾಲ್ಕು ಅಂಕಿ. ನನ್ನ ಟೈರಿನಲ್ಲಿ ಇದ್ದದ್ದು 2114. ಅಂದರೆ 2014ನೇ ಇಸವಿಯ 21ನೇ ವಾರ ತಯಾರಾದದ್ದು. ನಾನು 2019ರ ಜನವರಿಯಲ್ಲಿ ಹೊಸದೆಂದು ಕೊಂಡಾಗಲೇ ಅದಕ್ಕೆ ನಾಲ್ಕೂವರೆ ವರ್ಷ ವಯಸ್ಸಾಗಿತ್ತು. ಐದು ಸಾವಿರ ಅಗ್ಗ ಯಾಕೆ ಅಂತ ಆವತ್ತು ಗೊತ್ತಾಯಿತು. ಅಂಗಡಿಯವನಿಗೆ ಫೋನ್ ಮಾಡಿದೆ. ‘ಓಡದೇ ಇರೋ ಟೈರಿಗೆ ವಯಸ್ಸಾಗಲ್ಲ ಸಾರ್’ ಅಂದ. ರಬ್ಬರು ಗೋಡೌನಿನಲ್ಲೂ ಗಟ್ಟಿಯಾಗುತ್ತದೆ. ಬಿಸಿಲು ಬೀಳುವ ಕಡೆ ಇಟ್ಟರೆ ಇನ್ನೂ ಬೇಗ.

ಮನೆಗೆ ಬಂದ ಮೇಲೆ ಕಾಫಿ ತೂಗುವ ತಕ್ಕಡಿಯ ಮೇಲೆ ಕಂಪನಿಯ ಹಳೇ ಗಾಲಿಯನ್ನೂ ಹೊಸ ಗಾಲಿಯನ್ನೂ ಇಟ್ಟು ತೂಗಿದೆ. ಅದು 27 ಕಿಲೋ, ಇದು 36. ಒಂದೊಂದು ಮೂಲೆಗೆ ಒಂಬತ್ತು ಕಿಲೋ, ಅದೂ ತಿರುಗುವ ತೂಕ. ಎಂಜಿನ್ನಿಗೂ ಬ್ರೇಕಿಗೂ ಅದನ್ನು ತಿರುಗಿಸಿ ನಿಲ್ಲಿಸುವ ಕೂಲಿ ಪ್ರತಿದಿನ. ಟೈರಿನ ಎತ್ತರ ನೂರಕ್ಕೆ ಏಳು ಭಾಗ ಹೆಚ್ಚಿದ್ದರಿಂದ ಮೀಟರಿನಲ್ಲಿ 60 ತೋರಿಸುವಾಗ ಗಾಡಿ ಓಡುತ್ತಿದ್ದದ್ದು 64ರಲ್ಲಿ. ಆರು ತಿಂಗಳಲ್ಲಿ ಡೀಸೆಲ್ ಯಾಕೆ ಹೆಚ್ಚು ಕುಡಿಯುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದೆ. ತೂಕವೇ ಒಂದಿಷ್ಟು ಕುಡಿಯುತ್ತಿತ್ತು, ಇನ್ನೊಂದಿಷ್ಟು ಬರೀ ಲೆಕ್ಕದ ತಪ್ಪು. ಗಾಡಿ ಓಡಿದ್ದಕ್ಕಿಂತ ಕಮ್ಮಿ ಕಿಲೋಮೀಟರ್ ತೋರಿಸುತ್ತಿತ್ತು.

ಎತ್ತಿಸಿದ್ದರ ಬಗ್ಗೆಯೂ ಒಂದು ಮಾತು. ಸ್ಪ್ರಿಂಗಿಗೆ ಸ್ಪೇಸರ್ ಕೊಟ್ಟರೆ ಎತ್ತರ ಆಗುವುದು ಬಾಡಿ, ಆ್ಯಕ್ಸಲ್ ಅಲ್ಲ. ನಮ್ಮ ದಾರಿಯ ಕಲ್ಲಿಗೆ ಬಡಿಯುವುದು ಹಿಂದಿನ ಆ್ಯಕ್ಸಲಿನ ನಡುವಿನ ದುಂಡಗಿನ ಗಡ್ಡೆ. ಅದು ಇರುವಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಒಂದೇ, ಅದೂ ಹೆಚ್ಚಾದ ಎತ್ತರದ ಅರ್ಧದಷ್ಟು. ಅಂದರೆ 55 ಮಿಲಿಮೀಟರ್ ದೊಡ್ಡ ಟೈರಿನಿಂದ ನನಗೆ ಸಿಕ್ಕಿದ ಲಾಭ 27 ಮಿಲಿಮೀಟರ್. ಎತ್ತಿಸಿದ್ದರಿಂದ ಸಿಕ್ಕಿದ್ದು ಅಡ್ಡ ಜಾರುವಾಗ ಮಗುಚುವ ಭಯ ಹೆಚ್ಚಾದದ್ದು, ಮುಂದಿನ ಶಾಫ್ಟಿನ ರಬ್ಬರ್ ಬೂಟು ಹರಿದದ್ದು. ಇನ್ನೊಂದು ವಿಷಯ ಇನ್ಶೂರೆನ್ಸ್‌ನವರು ಬಂಪರು ನೋಡಲು ಬಂದಾಗ ತಿಳಿಯಿತು. 2019ರ ಜನವರಿ 9ರಂದೇ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂದಿತ್ತು. ನಾನು ಎತ್ತಿಸಿದ್ದು ಅದೇ ತಿಂಗಳು. ಬಂಪರಿನ ದುಡ್ಡು ಕೈಯಿಂದಲೇ ಹೋಯಿತು. ಸ್ಪೇಸರು, ಶಾಕಲು ಬಿಚ್ಚಿಸಿದೆ.

ಸರಿ, ಟೈರು ಯಾವುದು? ಈ ಸಲ ಅಪ್ಪನನ್ನೂ ಡ್ರೈವರನ್ನೂ ಕೂರಿಸಿಕೊಂಡು ಕೇಳಿದೆ. ಅಪ್ಪ ವಾಕರ್ ಹಿಡಿದು ಜಗಲಿಗೆ ಬರುತ್ತಿದ್ದ ಕಾಲ. ಅವರಿಬ್ಬರ ಬೇಡಿಕೆ ಮೂರೇ: ಅಗಲ ಆಗಬಾರದು, ಚೈನಿಗೆ ಜಾಗ ಇರಬೇಕು, ಟಾರಿನ ಮೇಲೆ ನಿಲ್ಲಬೇಕು. ಮೂಡಿಗೆರೆಗೆ ಹೋಗುವ ದಾರಿಯಲ್ಲಿ ಕೆಸರು ಮೂರು ಕಿಲೋಮೀಟರ್, ಉಳಿದದ್ದೆಲ್ಲ ಟಾರು ಅಂತ ಡ್ರೈವರು ಹೇಳಿದಾಗ, ಇಷ್ಟು ಸರಳ ಲೆಕ್ಕ ನನಗೆ ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಅಂದರೆ ಆಲ್ ಟೆರೇನ್. ಮಧ್ಯಮ ಗುಬುಟು, ತುಂಬಾ ಸೀಳು, ಪಕ್ಕೆ ಗಟ್ಟಿ.

ನನ್ನ ಮನಸ್ಸಿದ್ದದ್ದು 235/85 ಆರ್ 16ರ ಮೇಲೆ. ಎತ್ತರಕ್ಕೆ ಮೊದಲಿನ ದೊಡ್ಡ ಟೈರಿನಷ್ಟೇ, ಅಗಲಕ್ಕೆ ಮೂರು ಸೆಂಟಿಮೀಟರ್ ಕಮ್ಮಿ, ಜೀಪಿನ ಟೈರಿನ ಜಾತಿ. ಡ್ರೈವರು ಆ ಎತ್ತರಕ್ಕೆ ಒಪ್ಪಲಿಲ್ಲ, ಚೈನಿಗೆ ಮತ್ತೆ ಜಾಗ ಸಾಲುವುದಿಲ್ಲ ಅಂದರು. ಅದೂ ಅಲ್ಲದೆ ನಾನು ನೋಡಿದ ಕಡೆಯೆಲ್ಲ ಅದು ಹೊರದೇಶದ ಮಾಲೇ. ಕಾಫಿ ಹೋದ ವರ್ಷ, ಆಸ್ಪತ್ರೆ ಸಾಲದ ವರ್ಷ, ಕೂಡಲೇ ಕೊಳ್ಳಲು ಆಗಲಿಲ್ಲ. ಕಂಪನಿಯ ಹಳೇ ಟೈರನ್ನೇ ಹಾಕಿಸಿ ದೂಡಿದೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ಅಂಗಡಿಗಳಲ್ಲಿ ಹೊರಗಿನ ಮಾಲು ಮಾಯ, ಇದ್ದರೆ ಹಳೇ ದಾಸ್ತಾನು. ಹಳೇ ದಾಸ್ತಾನಿನ ರುಚಿ ನನಗೆ ಗೊತ್ತಿತ್ತು.

ಕೊನೆಗೆ ದಾರಿ ಮಾಡಿಕೊಟ್ಟದ್ದು ಬೇರೆಯವರ ಗಾಡಿ. ಆ ವರ್ಷ ಅಕ್ಟೋಬರ್‌ನಲ್ಲಿ ಮಹೀಂದ್ರದ ಹೊಸ ಥಾರ್ ಬಂತು, ಅದರ ಹದಿನಾರು ಇಂಚಿನ ಮಾದರಿಗೆ 245/75 ಆರ್ 16. ಆ ಅಳತೆಯ ನಮ್ಮ ದೇಶದ ಮಾಲು ಸಣ್ಣ ಊರಿನ ಅಂಗಡಿಗೂ ಬರತೊಡಗಿತು. ಅಗಲ ಕಂಪನಿಯದ್ದೇ, ಎತ್ತರ 774 ಮಿಲಿಮೀಟರ್, ಹಳೆಯದಕ್ಕಿಂತ 25 ಹೆಚ್ಚು. ಮೀಟರಿನಲ್ಲಿ 60 ಅಂದರೆ 62. ಎತ್ತಿಸದ ಗಾಡಿಗೆ ಎಲ್ಲೂ ಉಜ್ಜದೆ ಕೂರುತ್ತದೆ, ಒಳಗೆ ಚೈನಿಗೆ ಎರಡು ಬೆರಳು ಜಾಗ ಉಳಿಯುತ್ತದೆ. ಟೈರಿನ ಎತ್ತರ ಹೆಚ್ಚಿಸಿದ್ದನ್ನು ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿದೆ, ಒಪ್ಪಿಗೆ ಕಾಗದ ಇಟ್ಟುಕೊಂಡೆ. ಅಂಗಡಿಯಲ್ಲಿ ಬ್ರ್ಯಾಂಡು ನೋಡುವ ಮೊದಲು ನೆಲದ ಮೇಲೆ ಕೂತು ನಾಲ್ಕು ಅಂಕಿ ನೋಡಿದೆ. ಮೊದಲ ಅಂಗಡಿಯಲ್ಲಿ ಮೂರು ಟೈರು ಒಂದೇ ವಾರ ತಯಾರಾದವು, ನಾಲ್ಕನೆಯದು ಒಂದೂವರೆ ವರ್ಷ ಹಳೆಯದು. ಎದ್ದು ಬಂದೆ. ಎರಡನೇ ಅಂಗಡಿಯಲ್ಲಿ ನಾಲ್ಕೂ ಮೂರು ತಿಂಗಳಿನ ಒಳಗಿನವು. ಉಗುರು ಒತ್ತಿದೆ, ಇಳಿಯಿತು. ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಚೈನನ್ನು ಮೂಡಿಗೆರೆಯ ವೆಲ್ಡಿಂಗ್ ಶಾಪಿನಲ್ಲಿ ಹೊಸ ಅಳತೆಗೆ ಮಾಡಿಸಿದೆ. ಗಾಡಿಯಲ್ಲಿ ಈಗ ಗಾಳಿ ಅಳೆಯುವ ಮೀಟರೂ, ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪೂ ಇವೆ. ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು 20 ಪಿಎಸ್‌ಐಗೆ ಇಳಿಸುತ್ತೇನೆ, ಟಾರು ಸಿಕ್ಕಿದ ಮೇಲೆ ಮತ್ತೆ ತುಂಬಿಸುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ಹಿಂದೆ ಆರು ಚೀಲ ಮರಳು ಇದ್ದೇ ಇರುತ್ತದೆ. 2021ರ ಜುಲೈನಲ್ಲಿ ಅಪ್ಪನನ್ನು ಚೆಕಪ್ಪಿಗೆ ಅದೇ ತಿರುವಿನಲ್ಲಿ, ಅಂಥದೇ ಮಳೆಯಲ್ಲಿ ಕರೆದುಕೊಂಡು ಹೋದೆ. ಗಾಡಿ ಎಲ್ಲೂ ಜಾರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಕಡೆ ಅರ್ಧ ಅಡಿ ಸರಿಯಿತು, ಚೈನು ಕಚ್ಚಿತು, ನಿಂತಿತು. ಅಪ್ಪ ಮುಂದಿನ ಸೀಟಿನಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದರು.

ಹಳೆಯ ನಾಲ್ಕು ಟೈರುಗಳನ್ನು ಕೇಳಿಕೊಂಡು ಇಬ್ಬರು ಬಂದಿದ್ದರು, ಒಬ್ಬರು ಇಪ್ಪತ್ತು ಸಾವಿರದವರೆಗೂ ಏರಿದರು. ಗುಬುಟು ಇನ್ನೂ ಹೊಸದರ ಹಾಗೇ ಇತ್ತು. ಕೊಡಲಿಲ್ಲ. ಹಳ್ಳದ ತಿರುವಿನಲ್ಲಿ ಸಿಲ್ವರ್ ಓಕಿನ ಪಕ್ಕ ನಾಲ್ಕನ್ನೂ ಅರ್ಧ ಹೂತು, ಒಳಗೆ ಕಲ್ಲು ಮಣ್ಣು ತುಂಬಿ ತಡೆ ಮಾಡಿದ್ದೇನೆ. 2114 ಅನ್ನುವ ಅಂಕಿ ದಾರಿಯ ಕಡೆಗೆ ಕಾಣುವ ಹಾಗೆ ನಿಲ್ಲಿಸಿದ್ದು ಡ್ರೈವರು. ಅಪ್ಪ ಈಗ ಊರುಗೋಲಿನಲ್ಲಿ ಬೆಳಿಗ್ಗೆ ಅಲ್ಲಿಯವರೆಗೆ ನಡೆದು, ಒಂದು ಟೈರಿನ ಮೇಲೆ ಸ್ವಲ್ಪ ಹೊತ್ತು ಕೂತು, ಮನೆಗೆ ವಾಪಸ್ ಬರುತ್ತಾರೆ.